ಬೊಗಸೆಯಲ್ಲಿ ನಿಲ್ಲದ ನೀರು

ಹೊಳೆ ಸೊಂಟ ತಿರುವಿಕೊಂಡು ಹರಿಯುವ ಕಡೆ, ದಂಡೆಯ ಮೇಲೆ, ಅಡವೆಪ್ಪಜ್ಜನ ಆಶ್ರಮವಿತ್ತು. ಕೆಲವು ಹುಲ್ಲಿನ ಗುಡಿಸಲು, ಒಂದು ಬೇವಿನ ಮರ, ಮೆಟ್ಟಿಲಿಳಿದರೆ ನೀರು. ಅಷ್ಟೇ.

ಅಷ್ಟೇ ಅಂದರೂ, ಆ ಸೀಮೆಯಲ್ಲಿ ಅಂಥ ಗುರು ಮತ್ತೊಬ್ಬನಿರಲಿಲ್ಲ. ಅಜ್ಜ ಮಾತಿಗೆ ಕೂತರೆ ಹೊಳೆಯ ಮೀನುಗಳು ದಂಡೆಗೆ ಬಂದು, ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದವು. ನಂಬದವರು ಬೇಕಾದರೆ ಆ ಮೀನುಗಳನ್ನೇ ಕೇಳಲಿ.

ಅಜ್ಜನ ಹಿರಿಯ ಶಿಷ್ಯ ಕರಬಸಯ್ಯ. ಆಶ್ರಮದಲ್ಲಿ ಓದುವ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸ ಅವನದು.

ಕರಬಸಯ್ಯ ಕೂತನೆಂದರೆ ಕೂತ. ಕಲ್ಲಿಗಾದರೂ ಬಿಸಿಲಿಗೆ ಮೈ ಬಿರಿಯುತ್ತದೆ, ಅವನಿಗೆ ಅದೂ ಇಲ್ಲ. ಒಂದು ಬೇಸಿಗೆಯಲ್ಲಿ ಅವನು ಧ್ಯಾನಕ್ಕೆ ಕೂತಿದ್ದಾಗ ಗುಬ್ಬಿಯೊಂದು ಅವನ ಜಟೆಯಲ್ಲಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಮಾಡಿ, ಮರಿಗಳಿಗೆ ಹಾರುವುದನ್ನೂ ಕಲಿಸಿ ಹೊರಟುಹೋಯಿತು. ಎದ್ದ ಮೇಲೆ ಅವನು ತಲೆ ಕೆರೆದುಕೊಂಡನಷ್ಟೇ.

ಆ ಅಲುಗದ ಮೈಯೇ ಅವನ ಹೆಮ್ಮೆ. ಮಕ್ಕಳೂ ಹಾಗೇ ಆಗಬೇಕೆಂಬುದು ಅವನ ಆಸೆ.

ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಬೆಳಗಾದರೆ ಮಕ್ಕಳೆಲ್ಲ ಹೊಳೆಯ ಮೆಟ್ಟಿಲ ಮೇಲೆ ಸಾಲಾಗಿ ಕೂತು, ಬೊಗಸೆ ತುಂಬ ನೀರು ಹಿಡಿಯಬೇಕು. ಕರಬಸಯ್ಯ ಪ್ರಾರ್ಥನೆ ಹೇಳಿ ಮುಗಿಸುವ ತನಕ ಆ ನೀರು ಬೊಗಸೆಯಲ್ಲೇ ಇರಬೇಕು. ಆಮೇಲೆ ಅದನ್ನು ಹೊಳೆಗೆ ಬಿಟ್ಟು ಪಾಠಕ್ಕೆ ಏಳಬೇಕು.

ನೀರು ಹಿಡಿಯಲು ಬಾರದವನಿಗೆ ಅಕ್ಷರವಿಲ್ಲ. ಶಿವರಾತ್ರಿಯೊಳಗೆ ಬಾರದಿದ್ದರೆ ಅವನು ಮನೆಗೆ. ಈ ಕಟ್ಟಳೆಯನ್ನು ಕರಬಸಯ್ಯ ಒಂದು ಕೂದಲೆಳೆಯಷ್ಟೂ ಸಡಿಲ ಬಿಟ್ಟವನಲ್ಲ.

ಆ ವರ್ಷ ಬಂದ ಮಕ್ಕಳಲ್ಲಿ ಹುಲುಗಪ್ಪ ಅಂತ ಒಬ್ಬನಿದ್ದ. ಎಲ್ಲರೂ ಹುಲಿಗ್ಯಾ ಅನ್ನುತ್ತಿದ್ದರು. ಅವರಿವರ ಹೊಲ ಕಾಯುವ ಮನೆಯ ಹುಡುಗ.

ಹುಲಿಗ್ಯಾನ ಬೊಗಸೆಯಲ್ಲಿ ನೀರು ನಿಂತದ್ದನ್ನು ಕಂಡವರಿಲ್ಲ. ಪ್ರಾರ್ಥನೆಯ ಮೊದಲ ಮಾತು ಹೊರಡುವುದರೊಳಗೆ ಅರ್ಧ ನೀರು ಅವನ ತೊಡೆಯ ಮೇಲಿರುತ್ತಿತ್ತು. ಕುತ್ತಿಗೆ ಒಂದು ಕಡೆ, ಕಣ್ಣು ಒಂದು ಕಡೆ, ಕಾಲು ಮತ್ತೊಂದು ಕಡೆ.

ಹಠಮಾರಿಯೇನಲ್ಲ. ಪ್ರಾರ್ಥನೆಯಲ್ಲಿ ಏನು ಬಂತು ಎಂದು ಕೇಳಿದರೆ ತಲೆ ತಗ್ಗಿಸುತ್ತಿದ್ದ. ಬೇವಿನ ಮರದ ಕಾಗೆ ಯಾವಾಗ ಹಾರಿತು, ಯಾವ ಕಡೆ ಹಾರಿತು ಎಂದು ಕೇಳಿದರೆ ಮಾತ್ರ ತಪ್ಪದೆ ಹೇಳುತ್ತಿದ್ದ.

ಉಳಿದ ಹುಡುಗರಿಗೆ ಅವನೊಂದು ಆಟವಾದ. "ಏ ಹುಲಿಗ್ಯಾ, ನಿನ್ನ ಕುಂಡ್ಯಾಗ ಇರುವಿ ಗೂಡು ಕಟ್ಯಾವೇನಲೇ," ಅನ್ನುವರು. ಅವನ ಪಕ್ಕ ಕೂರಲು ಯಾರೂ ಒಪ್ಪುತ್ತಿರಲಿಲ್ಲ, ನೀರು ತಮ್ಮ ಮೇಲೆ ಚೆಲ್ಲುತ್ತದೆಂದು. ಸಾಲಿನ ತುದಿಯಲ್ಲಿ ಅವನೊಬ್ಬನೇ ಕೂರುತ್ತಿದ್ದ.

ಕರಬಸಯ್ಯ ಮಾಡದ ಉಪಾಯವಿಲ್ಲ. ಬೆಲ್ಲ ಕೊಟ್ಟು ನೋಡಿದ. ಗದರಿಸಿ ನೋಡಿದ. ಕೊನೆಗೆ ತನ್ನ ಉತ್ತರೀಯದಿಂದ ಬೇವಿನ ಮರಕ್ಕೇ ಕಟ್ಟಿ ಕೂರಿಸಿದ. ಗಂಟು ಬಿಚ್ಚಲಿಲ್ಲ ನಿಜ, ಆದರೆ ಅವತ್ತು ಪಾಠ ಮುಗಿಯುವ ತನಕ ಗಾಳಿಯಿಲ್ಲದೆಯೇ ಆ ಬೇವಿನ ಮರ ಅಲುಗಾಡುತ್ತಿತ್ತು.

ಶಿವರಾತ್ರಿ ಹತ್ತಿರ ಬಂತು. ಕರಬಸಯ್ಯ ಅಜ್ಜನ ಮುಂದೆ ಹೋಗಿ ಕೂತ. ಅಜ್ಜ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ.

"ಅಜ್ಜಾರ, ಆ ಹುಲಿಗ್ಯಾ ನಮಗ ದಕ್ಕಂಗಿಲ್ರಿ."

"ಯಾಕ?"

"ಅವನ ಹತ್ರ ಗಮನ ಅನ್ನೋದ ಇಲ್ಲ. ಹುಟ್ಟಾ ಇಲ್ಲ."

ಅಜ್ಜ ಬತ್ತಿಯ ತುದಿಯನ್ನು ಬೆರಳಲ್ಲಿ ತಿರುವಿದ.

"ಎಲ್ಲಿಗೆ ಹೋಗೇತಿ?"

"ಏನ್ರಿ?"

"ಅವನ ಗಮನ. ಇಲ್ಲಿಲ್ಲ ಅಂದ್ರ ಎಲ್ಲ್ಯರ ಇರಬೇಕಲ್ಲ."

ಕರಬಸಯ್ಯನಿಗೆ ಇದು ಒಗಟಿನಂತೆ ಕಂಡಿತು. ಒಗಟು ಬಿಡಿಸುವ ವ್ಯವಧಾನ ಅವನಿಗಿರಲಿಲ್ಲ. ಕಟ್ಟಳೆ ಎಂದರೆ ಕಟ್ಟಳೆ, ಒಬ್ಬನಿಗೆ ಬಿಟ್ಟರೆ ನಾಳೆ ಎಲ್ಲರ ಬೊಗಸೆಯೂ ಸೋರುತ್ತದೆ, ಹುಡುಗನನ್ನು ಮನೆಗೆ ಕಳಿಸುವುದೇ ಸರಿ ಎಂದು ಹೇಳಿದ.

ಅಜ್ಜ ಬೇಡವೆನ್ನಲಿಲ್ಲ.

"ಹಂಗಾದ್ರ ನೀನ ಬಿಟ್ಟು ಬಾ. ಹೊಸ್ತಿಲದಾಗ ಬಿಟ್ಟು ತಿರುಗಬ್ಯಾಡ. ಒಂದೊಪ್ಪತ್ತು ಅವನ ಮನ್ಯಾಗ ಇದ್ದು ಬಾ."

ಮರುದಿನ ಗುರುವಿಗೆ ನಮಸ್ಕರಿಸಿ ಕರಬಸಯ್ಯ ಹುಡುಗನನ್ನು ಕರೆದುಕೊಂಡು ಹೊರಟ.

ಹೊಳೆ ದಾಟಿ, ಎರೆಭೂಮಿಯ ಬದುಗಳ ಮೇಲೆ ಹಾದಿ. ಕರಬಸಯ್ಯ ಮೂಗಿನ ನೇರಕ್ಕೆ ನಡೆಯುತ್ತಿದ್ದ. ಹುಲಿಗ್ಯಾ ಒಮ್ಮೆ ಎಡಕ್ಕೆ ಓಡುವನು, ಒಮ್ಮೆ ಬಲಕ್ಕೆ ನಿಲ್ಲುವನು. ನೆಟ್ಟಗೆ ನಡೆ ಎಂದು ಕರಬಸಯ್ಯ ಗದರಿಸುತ್ತಲೇ ಹೋದ.

ತನ್ನನ್ನು ಎಲ್ಲಿಗೆ ಒಯ್ಯುತ್ತಿದ್ದಾರೆಂದು ಹುಡುಗನಿಗೆ ಯಾರೂ ಹೇಳಿರಲಿಲ್ಲ. ಹಾದಿ ನೋಡಿಯೇ ತಿಳಿದುಕೊಂಡಿದ್ದ. ಬಹಳ ಹೊತ್ತಿನ ಮೇಲೆ ಕೇಳಿದ.

"ಸ್ವಾಮ್ಯಾರ, ನಾ ಇನ್ನ ಬರೂದಿಲ್ಲೇನ್ರಿ?"

"ನೀರು ನಿಂತಿದ್ರ ಇರತಿದ್ದಿ."

ಹುಡುಗ ತನ್ನ ಎರಡೂ ಅಂಗೈ ತಿರುವಿ ನೋಡಿಕೊಂಡ.

"ದೂರ ಬೇವಿನ ಗಿಡದ ಹಿಂದ ನಿಂತು ಕೇಳಿದ್ರ ನಡೀತೈತೇನ್ರಿ? ನೀರು ಹಿಡಿಯಂಗಿಲ್ಲ, ಬರೇ ಕೇಳ್ತೀನಿ."

ಕರಬಸಯ್ಯ ಹೆಜ್ಜೆ ಬಿರುಸು ಮಾಡಿದ.

ಹುಲಿಗ್ಯಾನ ಮನೆ ಅಂದರೆ ಬಿಳಿಜೋಳದ ಹೊಲದ ಬದಿಗೆ ಒಣ ದಂಟಿನ ಸೊಪ್ಪೆಯಿಂದ ಕಟ್ಟಿದ ಒಂದು ಜೋಪಡಿ. ತೆನೆಯಲ್ಲಿ ಕಾಳು ಬಲಿಯುವ ಕಾಲ. ಹೊಲದ ನಡುವೆ ನಾಲ್ಕು ಕಂಬದ ಅಟ್ಟಣೆ. ಅಟ್ಟಣೆಯ ಮೇಲೆ ಅವನ ತಾಯಿ ಗಾಳೆವ್ವ ಕವಣೆ ಬೀಸುತ್ತ ನಿಂತಿದ್ದಳು. ಅಟ್ಟಣೆಯ ಕಂಬಕ್ಕೆ ಸೀರೆಯ ಜೋಳಿಗೆ ಕಟ್ಟಿ, ಅದರಲ್ಲಿ ಕೂಸು.

ಸ್ವಾಮಿಯನ್ನು ಕಂಡು ಅವಳು ಇಳಿದು ಬಂದು, ಸೆರಗು ಹೊದ್ದು ಕಾಲಿಗೆ ಬಿದ್ದಳು. ಮಗನನ್ನು ನೋಡಿದಳು. ಏನಾಯಿತೆಂದು ಕೇಳಲಿಲ್ಲ.

"ಹೊಳ್ಳಿ ಕಳಿಸಿದ್ರೇನ್ರಿ ಯಪ್ಪಾ?"

ಕರಬಸಯ್ಯ ಕಟ್ಟಳೆಯನ್ನು ವಿವರಿಸಿದ. ಅವಳು ಕೇಳುತ್ತಲೇ ಎರಡು ಸಲ ಹಿಂದೆ ತಿರುಗಿ ಕವಣೆ ಬೀಸಿದಳು. ಅಲ್ಲಿದ್ದರೆ ಹೊಟ್ಟೆ ತುಂಬ ಉಣ್ಣುತ್ತಾನೆ, ಕಣ್ಣು ತುಂಬ ನಿದ್ದೆ ಮಾಡುತ್ತಾನೆ ಎಂದು ಕಳಿಸಿದ್ದೆ ಅಂದಳು. ಇಲ್ಲಿ ರಾತ್ರಿಯಾದರೆ ಕಾಡುಹಂದಿ ಬರುತ್ತವೆ, ತಗಡಿನ ಡಬ್ಬಿ ಬಡಿಯಲು ಅವನನ್ನೇ ಎಬ್ಬಿಸಬೇಕು. ಗಂಡ ಒಮ್ಮೊಮ್ಮೆ ಮನೆಯಲ್ಲಿರುವುದಿಲ್ಲ, ಇದ್ದರೂ ಎಚ್ಚರದಲ್ಲಿರುವುದಿಲ್ಲ. ಇನ್ನೇನು ಮಾಡುವುದು.

ಕರಬಸಯ್ಯ ಅವಳಿಗೂ ಒಂದು ಪಾಠ ಹೇಳಿದ. ಮಗನಿಗೆ ಸಣ್ಣವನಿದ್ದಾಗಲೇ ಒಂದು ಕಡೆ ಕೂರುವುದನ್ನು ಕಲಿಸಬೇಕಾಗಿತ್ತು, ತಾಯಿಯಾದವಳು ಮಾಡಬೇಕಾದ ಮೊದಲ ಕೆಲಸವೇ ಅದು, ಅದನ್ನು ಬಿಟ್ಟರೆ ಹೀಗೇ ಆಗುವುದು ಅಂದ.

"ಅವ ಕುಂತ್ರ ಜ್ವಾಳ ಯಾರು ಕಾಯೂರ್ರಿ?" ಅಂದಳು ಗಾಳೆವ್ವ. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯದೆ ಕೇಳಿದಂತೆ. ಆಮೇಲೆ ಮೆಲ್ಲಗೆ ಸೇರಿಸಿದಳು, "ಹೊಟ್ಯಾಗ ಇದ್ದಾಗೂ ಹಿಂಗ ಒದೀತಿದ್ದ. ಅವರಪ್ಪನೂ ಸಣ್ಣಾಂವಿದ್ದಾಗ ಹಿಂಗ ಇದ್ನಂತ. ನಮ್ಮತ್ತಿ ಹೇಳತಿದ್ಲು."

ಜೋಳಿಗೆಯಲ್ಲಿ ಕೂಸು ನರಳಿತು. ಅದಕ್ಕೆ ಜ್ವರ. ಊರಿಗೆ ಒಯ್ದು ಔಷಧ ಹಾಕಿಸಬೇಕು, ಹೊಲ ಬಿಟ್ಟು ಹೋಗಲು ಆಗಿಲ್ಲ, ಈಗ ಹುಲಿಗ್ಯಾ ಬಂದನಲ್ಲ, ಅವನನ್ನು ಅಟ್ಟಣೆಗೆ ಹತ್ತಿಸಿ ಹೋಗುತ್ತೇನೆ ಅಂದಳು.

ಕರಬಸಯ್ಯನಿಗೆ ಇದು ಸರಿ ಬರಲಿಲ್ಲ. ಬೊಗಸೆ ನೀರು ಹಿಡಿಯಲಾರದವನು ಇಡೀ ಹೊಲ ಹಿಡಿಯುತ್ತಾನೆಯೇ?

"ಹುಡುಗ ಉಂಡು ದಣಿವಾರಿಸ್ಕೊಳ್ಳಲಿ. ಹೊಲಾ ನಾ ಕಾಯ್ತೀನಿ. ನನಗಿಂತ ಎಚ್ಚರಾಗಿ ಕೂಡೂ ಮನಶಾ ಈ ಸೀಮ್ಯಾಗ ಯಾರದಾರ ಹೇಳು."

ಗಾಳೆವ್ವ ಹಿಂದೆ ಮುಂದೆ ನೋಡಿದಳು. ಸ್ವಾಮಿಗೆ ಇಲ್ಲ ಅನ್ನುವುದು ಹೇಗೆ? ಕೂಸನ್ನು ಸೊಂಟಕ್ಕೇರಿಸಿಕೊಂಡು ಊರ ಹಾದಿ ಹಿಡಿದಳು.

ಹುಲಿಗ್ಯಾ ಒಂದು ರೊಟ್ಟಿ ತಿಂದ. ಸ್ವಾಮಿಗಳು ಅಟ್ಟಣೆ ಹತ್ತಿದ್ದನ್ನು ನೋಡಿದ. ಕಾಯುವವರು ಬೇರೆ ಯಾರೋ ಇದ್ದಾರೆ ಎಂದು ತಿಳಿದದ್ದೇ ತಡ, ಅಟ್ಟಣೆಯ ನೆರಳಲ್ಲಿ ಕೂತಲ್ಲೇ ನಿದ್ದೆ ಹೋದ. ಕೈ ಇಟ್ಟಲ್ಲಿ ಕೈ, ಕಾಲು ಇಟ್ಟಲ್ಲಿ ಕಾಲು.

ಕರಬಸಯ್ಯ ಅದನ್ನು ನೋಡಿದ, ಆದರೆ ಗಮನಿಸಲಿಲ್ಲ. ಅವನ ಗಮನವೆಲ್ಲ ಕೆಲಸದ ಮೇಲಿತ್ತು.

ಅಟ್ಟಣೆಯ ಮೇಲೆ ಪದ್ಮಾಸನ ಹಾಕಿದ. ಹೊಲದ ಮೂಡಣ ಮೂಲೆಯಲ್ಲಿ ಗಿಳಿಯ ಹಿಂಡೊಂದು ಇಳಿದಿತ್ತು. ಆ ಮೂಲೆಯ ಮೇಲೆ ದೃಷ್ಟಿ ನೆಟ್ಟ. ವರ್ಷಾನುವರ್ಷ ಸಾಧಿಸಿದ ದೃಷ್ಟಿ ಅದು. ಗಿಳಿಗಳಿಗೆ ಮೈ ಸುಟ್ಟಂತಾಗಿ, ಕವಣೆ ಬೀಸುವ ಮೊದಲೇ ಎದ್ದು ಓಡಿದವು. ಕರಬಸಯ್ಯ ನೋಟ ಕದಲಿಸಲಿಲ್ಲ. ಆ ಮೂಲೆಗೆ ಆಮೇಲೆ ಒಂದು ಚಿಟ್ಟೆಯೂ ಬರಲಿಲ್ಲ.

ಬೆನ್ನ ಹಿಂದೆ ಸರಸರ ಸದ್ದು ಕೇಳುತ್ತಿತ್ತು. ಜೋಳದ ಗರಿಗೆ ಗಾಳಿ ಬಡಿಯುತ್ತಿದೆ ಅಂದುಕೊಂಡ. ಧ್ಯಾನಕ್ಕೆ ಕೂತವನು ಗಾಳಿಗೆಲ್ಲ ತಿರುಗಿ ನೋಡುವುದಿಲ್ಲ.

ಹೊತ್ತು ಇಳಿಯತೊಡಗಿದಾಗ ಹುಲಿಗ್ಯಾ ಎಚ್ಚರಗೊಂಡ. ಎದ್ದವನು ಕಿವಿ ನಿಮಿರಿಸಿದ. ಮರುಕ್ಷಣ ಬಾಯಿಂದ ಒಂದು ಕೂಗು ತೆಗೆದು ಪಡುವಣ ದಿಕ್ಕಿಗೆ ಓಡಿದ.

ಆ ಕೂಗಿಗೆ ಹೊಲದಿಂದ ಗಿಳಿಗಳು ಎದ್ದವು. ಎಷ್ಟೆಂದರೆ, ಸೂರ್ಯ ಮುಚ್ಚಿ ಆಕಾಶವೇ ಹಸಿರಾಯಿತು. ಹಸಿರು ಸರಿದು ಬೆಳಕು ಬಿದ್ದಾಗ ಪಡುವಣ ಅರ್ಧ ಹೊಲದ ತೆನೆಗಳು ಕಾಳಿಲ್ಲದೆ, ಎಣ್ಣೆ ತೀರಿದ ಬತ್ತಿಗಳಂತೆ ನಿಂತಿದ್ದವು.

ಹುಡುಗ ಏದುಸಿರು ಬಿಡುತ್ತ ಅಟ್ಟಣೆಯ ಬುಡಕ್ಕೆ ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ. ದೊಡ್ಡವರು ಇಷ್ಟು ಸಣ್ಣ ಸಂಗತಿ ತಿಳಿಯದೆ ಹೋದರಲ್ಲ ಅನ್ನುವ ಆಶ್ಚರ್ಯವಿತ್ತು.

"ಸ್ವಾಮ್ಯಾರ, ಒಂದ ಕಡೆ ನೋಡಿದ್ರೇನ್ರಿ?"

"ಹೂಂ."

"ಒಂದ ಕಡೆ ನೋಡಬಾರದ್ರಿ."

ಕರಬಸಯ್ಯ ಜೀವಮಾನದಲ್ಲಿ ಕೇಳಿದ ಉಪದೇಶಗಳೆಲ್ಲ ಒಂದು ಕಡೆ ನೋಡು ಎಂದೇ ಹೇಳಿದ್ದವು.

ಗಾಳೆವ್ವ ಊರಿಂದ ಬಂದಳು. ಹೊಲ ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡಳು.

ಕರಬಸಯ್ಯ ಏನಾದರೂ ಹೇಳಬೇಕೆಂದು ಬಾಯಿ ತೆರೆಯುವುದರೊಳಗೆ ಹುಲಿಗ್ಯಾ ಕತ್ತೆತ್ತಿದ. ದೂರದ ಬದುವಿನಿಂದ ಬೆಳವದ ಹಕ್ಕಿಗಳು ಎದ್ದಿದ್ದವು.

"ಅಪ್ಪ ಬಂದ," ಅಂದ ಹುಡುಗ. "ಎಲ್ಲಾ ಒಮ್ಮಿಗೆ ಎದ್ದಾವ. ಕಲ್ಲು ಒಗಕೋಂತ ಬರಾಕತ್ತಾನ."

ಕರಬಸಯ್ಯ ಹಾದಿಯತ್ತ ನೋಡಿದ. ಹಾದಿ ಖಾಲಿ.

ಆದರೆ ಹುಡುಗ ಆಗಲೇ ಓಡಾಡುತ್ತಿದ್ದ. ಕೂಸಿನ ಜೋಳಿಗೆ ಬಿಚ್ಚಿ ಜೋಪಡಿಯ ಹಿಂದಕ್ಕೆ ಕಟ್ಟಿ, ಅವ್ವನ ಸೊಂಟದಿಂದ ಕೂಸನ್ನು ತೆಗೆದು ಅದರಲ್ಲಿ ಮಲಗಿಸಿದ. ದನ ಹೊಡೆಯುವ ಕೋಲನ್ನು ಸೊಪ್ಪೆಯ ಬಣವೆಯೊಳಗೆ ತೂರಿಸಿದ. ನೀರಿನ ಕೊಡ ಬಾಗಿಲ ಬಳಿ ತಂದಿಟ್ಟ. ಅವ್ವನನ್ನು ಒಳಗೆ ತಳ್ಳಿದ. ಒಂದು ಕೆಲಸ ತಪ್ಪಲಿಲ್ಲ, ಒಂದು ಹೆಜ್ಜೆ ಹೆಚ್ಚಾಗಲಿಲ್ಲ.

ಇದನ್ನೆಲ್ಲ ಮುಗಿಸಿ ಹುಡುಗ ಹಾದಿಗೆ ಮುಖಮಾಡಿ ನಿಂತ. ಆಮೇಲೆ, ಎಷ್ಟೋ ಹೊತ್ತಾದ ಮೇಲೆ, ಹಾದಿಯ ತಿರುವಿನಲ್ಲಿ ಒಬ್ಬ ಮನುಷ್ಯ ಕಾಣಿಸಿಕೊಂಡ.

ಅವನು ಹುಲಿಗ್ಯಾನ ಅಪ್ಪ ಸಣ್ಣೆಪ್ಪ. ಹೊಲದ ಧಣಿಯ ಮನೆಯಿಂದ ಬರುತ್ತಿದ್ದ. ತೆನೆ ಹಾಳಾದರೆ ಜೋಪಡಿ ಕಿತ್ತುಕೊಂಡು ನಡೆ ಎಂದು ಧಣಿ ಮಂದಿಯ ಮುಂದೆ ಅನ್ನಬಾರದ್ದನ್ನು ಅಂದಿದ್ದ. ಆ ಮಾತನ್ನು ಇಳಿಸಲು ನಡುವೆ ಎಲ್ಲೋ ಕುಡಿದಿದ್ದ.

ಬಂದವನ ಕಣ್ಣು ಮೊದಲು ಪಡುವಣ ಹೊಲದ ಮೇಲೆ ಬಿತ್ತು. ಅಟ್ಟಣೆಯ ಮೇಲೆ ಇನ್ನೂ ಕೂತೇ ಇದ್ದ ಕರಬಸಯ್ಯನ ಕಾವಿ ಕಾಣಲಿಲ್ಲ. ಕೆಳಗೆ ಬಿದ್ದಿದ್ದ ಕವಣೆಯ ಹಗ್ಗ ಎತ್ತಿಕೊಂಡ.

"ಯಾರಲೇ ಕಾಯಾಕತ್ತಿದ್ದಾಂವ?"

"ನಾನ," ಅಂದ ಹುಲಿಗ್ಯಾ.

ಹಗ್ಗ ಹುಡುಗನ ಬೆನ್ನ ಮೇಲೆ ಬಿತ್ತು.

ಕರಬಸಯ್ಯ ಅಲುಗಲಿಲ್ಲ. ಅಲುಗಬೇಕೆಂದುಕೊಂಡ, ಆಗಲಿಲ್ಲ. ಎಷ್ಟು ವರ್ಷ ಕೂತು ಗಳಿಸಿದ ಸ್ಥಿರತೆಯೋ, ಅದು ಆ ಹೊತ್ತಿನಲ್ಲಿ ಅವನನ್ನು ಅಟ್ಟಣೆಯ ಹಲಗೆಗೆ ಮೊಳೆ ಹೊಡೆದಂತೆ ಹಿಡಿದು ಕೂರಿಸಿತ್ತು.

ಹಗ್ಗ ಮತ್ತೆ ಎದ್ದಾಗ ಗಾಳೆವ್ವ ಒಳಗಿಂದ ಬಂದು ನಡುವೆ ನಿಂತಳು. ಆಗ ಕರಬಸಯ್ಯ ಅಟ್ಟಣೆಯಿಂದ ಇಳಿದನೋ ಬಿದ್ದನೋ, ಅಂತೂ ನೆಲಕ್ಕೆ ಬಂದ.

"ಕಾಯತಿದ್ದಾಂವ ನಾನು. ಹುಡುಗ ಅಲ್ಲ. ನನ್ನ ಹೊಡಿ."

ಸಣ್ಣೆಪ್ಪನ ಕೈ ಇಳಿಯಿತು. ಕಾವಿಯನ್ನು ನೋಡಿದ, ಹೊಲ ನೋಡಿದ, ಮಗನನ್ನು ನೋಡಿದ. ಹಗ್ಗ ಬಿಟ್ಟು ಮಣ್ಣಿನಲ್ಲಿ ಕುಕ್ಕರಿಸಿದ.

"ಈ ಹೊಲಾ ಬಿಟ್ರ ಮತ್ತೊಂದ ಊರು ನೋಡಬೇಕ್ರಿ," ಅಂದ ತಲೆ ಎತ್ತದೆ. "ನಾನೂ ಇವನಷ್ಟ ಇದ್ದಾಗಿಂದ ಅಟ್ಟಣಿ ಮ್ಯಾಲ ಅದೀನಿ. ನಮ್ಮಪ್ಪ ಹಿಂಗ ಬಡೀತಿದ್ದ. ಬಡೀಬಾರದು ಅಂತ ದಿನಾ ಅಂದ್ಕೋತೀನ್ರಿ."

ಹುಲಿಗ್ಯಾ ಚಂಬಿನಲ್ಲಿ ನೀರು ತಂದ. ಅಪ್ಪನ ಕೈಗೆ ಸಿಗದಷ್ಟು ದೂರ ನಿಂತು, ತೋಳು ಚಾಚಿ ಕೊಟ್ಟ. ನೀರು ಚೆಲ್ಲುತ್ತಿತ್ತು. ಹುಡುಗ ನೀರನ್ನು ನೋಡುತ್ತಿರಲಿಲ್ಲ. ಅಪ್ಪನ ಬಲಗೈ ನೋಡುತ್ತಿದ್ದ.

ಅವನ ಗಮನ ಎಲ್ಲಿಗೆ ಹೋಗೇತಿ ಎಂದು ಗುರು ಕೇಳಿದ ಮಾತು ಆಗ ಕರಬಸಯ್ಯನಿಗೆ ತಿಳಿಯಿತು.

ಅವನು ಆ ರಾತ್ರಿ ಅಲ್ಲೇ ಉಳಿದ. ಧಣಿಯ ಮನೆಗೆ ಹೋಗಿ, ತಪ್ಪು ತನ್ನದೆಂದು ಧಣಿಗೆ ಹೇಳಿ ಬಂದ. ಸ್ವಾಮಿಯ ಮುಖ ನೋಡಿ ಧಣಿ ಈ ಸುಗ್ಗಿ ಮುಗಿಯುವ ತನಕ ಜೋಪಡಿ ಇರಲಿ ಅಂದ.

ಬೆಳಗ್ಗೆ ಕರಬಸಯ್ಯ ಗಾಳೆವ್ವನನ್ನೂ ಸಣ್ಣೆಪ್ಪನನ್ನೂ ಕೇಳಿಕೊಂಡ, ಹುಡುಗನನ್ನು ಮತ್ತೆ ಕರೆದೊಯ್ಯುತ್ತೇನೆ ಎಂದು. ಸಣ್ಣೆಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಗಾಳೆವ್ವ ಮಾತ್ರ, "ಒಯ್ರಿ. ಹಕ್ಕಿ ನಾ ಹೊಡೀತೀನಿ," ಅಂದಳು.

ಆಶ್ರಮಕ್ಕೆ ಬಂದಾಗ ಅಜ್ಜ ಗುಡಿಸಲಿನ ನೆರಳಲ್ಲಿದ್ದ. ಹುಲಿಗ್ಯಾ ದೂರದಲ್ಲೇ ಬೇವಿನ ಮರದ ಹಿಂದೆ ನಿಂತ, ಅಲ್ಲಿಗೆ ಬರಲು ಅಪ್ಪಣೆಯಿದೆಯೋ ಇಲ್ಲವೋ ಎಂದು.

"ಬಿಟ್ಟು ಬಾ ಅಂದ್ರ ಕರಕೊಂಡ ಬಂದೀ," ಅಂದ ಅಜ್ಜ.

ಕರಬಸಯ್ಯ ನಡೆದದ್ದೆಲ್ಲ ಹೇಳಿದ. ತಾನು ಹಲಗೆಗೆ ಅಂಟಿ ಕೂತದ್ದನ್ನೂ ಬಿಡದೆ ಹೇಳಿದ. ಹೇಳುತ್ತ ಹೇಳುತ್ತ ದನಿ ಏರಿತು.

ಮೊದಲು ತಪ್ಪು ಹುಡುಗನದು ಅಂದುಕೊಂಡಿದ್ದೆ. ಹೋದ ಮೇಲೆ ತಾಯಿಯದು ಅನ್ನಿಸಿತು. ಸಂಜೆಗೆ ಅಪ್ಪನದು ಅನ್ನಿಸಿತು. ಆ ಅಪ್ಪನನ್ನು ಹೊಡೆದು ಬೆಳೆಸಿದವನು ಅವನಪ್ಪ. ಅವನನ್ನು ಹೆದರಿಸುವವನು ಧಣಿ. ಹುಡುಗ ಹುಟ್ಟಿದ್ದೇ ಹೀಗೆ ಅನ್ನುತ್ತಾಳೆ ತಾಯಿ. ನಿದ್ದೆಯಿಲ್ಲ, ಒಂದು ಊರಿಲ್ಲ. ಇಲ್ಲಿಗೆ ಬಂದರೆ ಜೊತೆಯ ಹುಡುಗರು ಪಕ್ಕದಲ್ಲಿ ಕೂರಿಸುವುದಿಲ್ಲ. ನಾನು ಮರಕ್ಕೆ ಕಟ್ಟಿದೆ.

"ಯಾರದು ಅಂತ ಹಿಡೀಲ್ರಿ ಅಜ್ಜಾರ?"

"ಕೂಸಿಗೆ ಜ್ವರ ಬಂದಾಗ ತಾಯಿ ಯಾವ ದಿಕ್ಕಿನ ಗಾಳಿ ಬೀಸ್ತು ಅಂತ ಹುಡುಕ್ಕೋಂತ ಕುಂತ್ಲೇನು?"

"ಇಲ್ರಿ. ಎತ್ತಿಕೊಂಡ ಹೋದ್ಲು."

ಅಜ್ಜ ಮರದ ಹಿಂದೆ ನಿಂತಿದ್ದ ಹುಡುಗನತ್ತ ನೋಡಿದ.

ಕರಬಸಯ್ಯನ ಮನಸ್ಸಿನಲ್ಲಿ ಇನ್ನೂ ಒಂದು ಮುಳ್ಳಿತ್ತು. ಕಟ್ಟಳೆಯ ಗತಿ ಏನು? ಶಿವರಾತ್ರಿ ಬಂದೇಬಿಟ್ಟಿತು, ಹುಡುಗನ ನೀರು ನಿಲ್ಲುವುದಿಲ್ಲ, ಇಟ್ಟುಕೊಳ್ಳುವುದು ಹೇಗೆ ಎಂದು ಕೇಳಿದ.

"ಬರಲಿ. ಶಿವರಾತ್ರಿ ವರ್ಷಾ ಬರತೈತಿ."

"ಪದ್ಧತಿ, ಅಜ್ಜಾರ?"

"ನಮ್ಮ ಗುರುಗಳು ಆ ನೀರು ಹಿಡಿಸತಿದ್ದದ್ದು ಹುಡುಗರನ್ನ ಕಳಿಸಾಕಲ್ಲ. ಯಾರ ಕೈ ನಡಗತಾವು ಅಂತ ತಾವು ನೋಡಾಕ. ನೋಡಿ, ಅವನ ಮಗ್ಗಲಕ ಹೋಗಿ ಕೂಡತಿದ್ರು."

ಕರಬಸಯ್ಯನ ಮುಖ ಬಾಡಿತು.

"ನನಗ ಎಂದೂ ಹೇಳಲಿಲ್ರಿ ನೀವು."

"ನಿನ್ನ ಕೈ ಎಂದೂ ನಡಗಲಿಲ್ಲ. ನಾ ನಿನ್ನ ಮಗ್ಗಲಕ ಕೂಡೂ ಪ್ರಸಂಗ ಬರಲಿಲ್ಲ. ಅದು ನನ್ನ ತಪ್ಪು."

ಮರುದಿನ ಬೆಳಗಾಯಿತು. ಮಕ್ಕಳು ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಹುಲಿಗ್ಯಾ ಎಂದಿನಂತೆ ತುದಿಗೆ, ಒಬ್ಬನೇ. ಮತ್ತೆ ಬಂದನಲ್ಲ ಎಂದು ಹುಡುಗರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದರು. ಯಾರೋ ಇರುವೆಯ ಮಾತು ತೆಗೆದರು. ಕರಬಸಯ್ಯ ಆ ಕಡೆ ಒಮ್ಮೆ ನೋಡಿದ. ಅವರು ಸುಮ್ಮನಾದರು.

ಅಷ್ಟರಲ್ಲಿ ಅಜ್ಜ ಮೆಟ್ಟಿಲಿಳಿದು ಬಂದ. ಕೋಲೂರಿಕೊಂಡು, ಒಂದೊಂದೇ ಮೆಟ್ಟಿಲು. ನೀರಿನ ಪಾಠಕ್ಕೆ ಅಜ್ಜ ಇಳಿದು ಬಂದದ್ದನ್ನು ಆ ಮಕ್ಕಳು ಕಂಡಿರಲಿಲ್ಲ. ಹೊಳೆ ಕೂಡ ಅವತ್ತು ಸದ್ದಾಗದಂತೆ ಹೆಜ್ಜೆಯಿಟ್ಟು ಹರಿಯಿತು.

ಹುಲಿಗ್ಯಾ ಬೊಗಸೆ ತುಂಬಿಕೊಂಡಿದ್ದ. ಹಿಡಿದುಕೊಳ್ಳಬೇಕೆಂಬ ಹಠಕ್ಕೆ ಬೆರಳು ಬೆಳ್ಳಗಾಗಿದ್ದವು. ಆದರೂ ಕುತ್ತಿಗೆ ಹಿಂದಕ್ಕೆ, ಹೊಲದ ಕಡೆಯಿಂದ ಬರುವ ಹಾದಿಗೆ ತಿರುಗಿತು. ಬೆರಳ ಸಂದಿಯಿಂದ ನೀರು ಇಳಿಯಿತು.

"ಏನೈತಿ ಅಲ್ಲಿ?" ಕೇಳಿದ ಅಜ್ಜ.

"ಹಾದಿ ರೀ."

"ಯಾರರ ಬರಾಕತ್ತಾರೇನು?"

"ಗೊತ್ತಿಲ್ರಿ."

ಹುಡುಗ ಹೊಡೆತಕ್ಕೆ ಕಾದವನಂತೆ ಭುಜ ಕುಗ್ಗಿಸಿದ. ಅಜ್ಜ ಕೋಲನ್ನು ಮೆಟ್ಟಿಲ ಮೇಲೆ ಮಲಗಿಸಿ, ದೂರಕ್ಕೆ ತಳ್ಳಿದ. ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಕೂತ. ಹೊಳೆಗೆ ಬೆನ್ನು ಹಾಕಿ, ಹಾದಿಗೆ ಮುಖಮಾಡಿ, ತನ್ನ ಬೆನ್ನು ಹುಡುಗನ ಬೆನ್ನಿಗೆ ತಾಗುವಂತೆ ಕೂತ.

ಹುಡುಗ ಮತ್ತೆ ತಿರುಗಲು ಹೋದ. ಅಜ್ಜನ ಭುಜ ಅಡ್ಡ ಬಂತು.

ಕರಬಸಯ್ಯ ಪ್ರಾರ್ಥನೆ ಶುರುಮಾಡಿದ. ಎಂದೂ ನಡುಗದ ದನಿ ಮೊದಲ ಮಾತಿನಲ್ಲೇ ನಡುಗಿತು. ನಿಲ್ಲಿಸಿದ. ತಾನು ಕೂರುತ್ತಿದ್ದ ಜಾಗ ಬಿಟ್ಟು ಬಂದು, ಹುಲಿಗ್ಯಾನ ಮಗ್ಗುಲಲ್ಲಿ ಕೂತು, ತಾನೂ ಬೊಗಸೆಗೆ ನೀರು ತುಂಬಿಕೊಂಡು ಮತ್ತೆ ಹೇಳತೊಡಗಿದ.

ಹುಡುಗನ ಬೊಗಸೆಯಲ್ಲಿ ಉಳಿದದ್ದು ಸ್ವಲ್ಪವೇ ನೀರು. ಅದರ ಮೇಲೆ ಬೆಳಗಿನ ಬೆಳಕು ಅಲುಗುತ್ತಿತ್ತು. ಅವನು ಬೆನ್ನಿನಿಂದ ಅಜ್ಜನ ಬೆನ್ನನ್ನು ಒಮ್ಮೆ ಒತ್ತಿ ನೋಡಿದ, ಇದ್ದಾನೋ ಇಲ್ಲವೋ ಎಂದು.

"ನೀ ನಿನ್ನ ನೀರು ನೋಡಪಾ," ಅಂದ ಅಜ್ಜ. "ಹಾದಿ ನಾ ನೋಡ್ತೀನಿ."